ಎದುರಾಳಿಯ ಕೈ ಬರಿದಾದ ಮೇಲೆ: ಡಿಸ್ಕಾರ್ಡ್ ಡೆಕ್ ಕಟ್ಟುವ ಬಗೆ

ಆಟಗಾರರು ತಮ್ಮ ಡೆಕ್ಕನ್ನು (ಕಾರ್ಡುಗಳ ಕಟ್ಟನ್ನು) ತಾವೇ ಕಟ್ಟಿಕೊಳ್ಳುವ ಮ್ಯಾಜಿಕ್: ದ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಎದುರಾಳಿ ಮೇಜಿನ ಮೇಲೆ ಇಳಿಸಿದ ಕಾರ್ಡಿಗೆ ಉತ್ತರ ಹುಡುಕುವುದು ಒಂದು ದಾರಿಯಾದರೆ, ಆ ಕಾರ್ಡು ಇನ್ನೂ ಅವರ ಕೈಯಲ್ಲಿರುವಾಗಲೇ ಅದನ್ನು ಗ್ರೇವ್‌ಯಾರ್ಡಿಗೆ (ಬಳಸಿದ, ಬಿಸಾಡಿದ ಕಾರ್ಡುಗಳ ರಾಶಿಗೆ) ಕಳಿಸುವುದು ಇನ್ನೊಂದು ದಾರಿ. ನನಗೆ ಪ್ರಿಯವಾದದ್ದು ಎರಡನೆಯದು, ಅದಕ್ಕೇ ಡಿಸ್ಕಾರ್ಡ್ ಎನ್ನುತ್ತಾರೆ. 1993ರ ಮೊದಲ ಆವೃತ್ತಿಯಲ್ಲೇ ಕೈಯ ಕಾರ್ಡು ಬಿಸಾಡಿಸುವ ಮೈಂಡ್ ಟ್ವಿಸ್ಟ್ ಮತ್ತು ಹಿಪ್ನಾಟಿಕ್ ಸ್ಪೆಕ್ಟರ್ ಎಂಬ ಕಪ್ಪು ಕಾರ್ಡುಗಳು ಇದ್ದವು. ಆಟದ ಕಾರ್ಡುಗಳ ಬಣ್ಣಗಳಲ್ಲಿ ಒಂದಾದ ಕಪ್ಪಿನ ಈ ಗುಣ ಆಟದಷ್ಟೇ ಹಳೆಯದು. ಆದರೆ ಇಂತಹ ಡೆಕ್ ಕಟ್ಟಲು ಹೊರಡುವವರಲ್ಲಿ ಹೆಚ್ಚಿನವರು ಕೈ ಬರಿದು ಮಾಡುವುದನ್ನೇ ಗುರಿಯೆಂದು ಭಾವಿಸುತ್ತಾರೆ. ಡೆಕ್ಕಿನ ನಿಜವಾದ ಪರೀಕ್ಷೆ ಶುರುವಾಗುವುದು ಕೈ ಬರಿದಾದ ನಂತರ.

ಕಾರಣ ಸರಳವಾಗಿದೆ. ಥಾಟ್‌ಸೀಜ್‌ನಂತಹ ಕಾರ್ಡು ಎದುರಾಳಿಯ ಕೈಯನ್ನು ತೋರಿಸಿ, ನಾವು ಆರಿಸಿದ ಒಂದು ಕಾರ್ಡನ್ನು ತೆಗೆಯುತ್ತದೆ, ಅದಕ್ಕಾಗಿ ನಾವೂ ಒಂದು ಕಾರ್ಡನ್ನು ಖರ್ಚು ಮಾಡುತ್ತೇವೆ. ಹೀಗೆ ನಾಲ್ಕೈದು ಸರದಿ ಕಳೆಯುವಷ್ಟರಲ್ಲಿ ಇಬ್ಬರ ಕೈಯೂ ಖಾಲಿಯಾಗಿ, ಇಬ್ಬರೂ ಸರದಿಗೆ ಒಂದರಂತೆ ಎಳೆಯುವ ಕಾರ್ಡಿನ ಮೇಲೆಯೇ ಬದುಕಬೇಕಾಗುತ್ತದೆ. ಆಗ ಎದುರಾಳಿ ಎಳೆದ ಕ್ರೀಚರ್ (ದಾಳಿ ಮಾಡಬಲ್ಲ ಜೀವಿಯ ಕಾರ್ಡು) ನೇರವಾಗಿ ಮೇಜಿಗೆ ಬರುತ್ತದೆ. ನಾವು ಎಳೆದ ಥಾಟ್‌ಸೀಜ್‌ಗೆ ಹಿಡಿಯಲು ಏನೂ ಇರುವುದಿಲ್ಲ. ಡಿಸ್ಕಾರ್ಡ್ ಕಾರ್ಡುಗಳನ್ನೇ ತುಂಬಿದ ಡೆಕ್ ಸೋಲುವುದು ಈ ಹಂತದಲ್ಲಿ.

ಆದ್ದರಿಂದ ನಾನು ಡೆಕ್ಕನ್ನು ಕೊನೆಯಿಂದ ಮೊದಲಿನತ್ತ ಕಟ್ಟುತ್ತೇನೆ. ಖಾಲಿ ಕೈಯನ್ನೇ ಶಿಕ್ಷೆಯಾಗಿಸುವ ಎರಡು ಕಾರ್ಡುಗಳಿಗೆ ಮೊದಲ ಸ್ಥಾನ. 1994ರ ದ ರ್ಯಾಕ್, ಎದುರಾಳಿಯ ಪ್ರತಿ ಅಪ್‌ಕೀಪ್‌ನಲ್ಲಿ (ಸರದಿಯ ಆರಂಭದಲ್ಲಿ, ಕಾರ್ಡು ಎಳೆಯುವ ಮುನ್ನ) ಮೂರರಿಂದ ಅವರ ಕೈಯ ಕಾರ್ಡುಗಳನ್ನು ಕಳೆದು ಉಳಿದಷ್ಟು ಹಾನಿ ಮಾಡುತ್ತದೆ. 2012ರ ಶ್ರೀಕಿಂಗ್ ಅಫ್ಲಿಕ್ಷನ್, ಅವರ ಕೈಯಲ್ಲಿ ಒಂದು ಕಾರ್ಡು ಅಥವಾ ಅದಕ್ಕಿಂತ ಕಡಿಮೆ ಇದ್ದರೆ 3 ಜೀವಾಂಕ (ಇದು ಮುಗಿದರೆ ಸೋಲು) ಕಳೆಯುತ್ತದೆ. ಎರಡಕ್ಕೂ ಒಂದೇ ಮನಾ (ಕಾರ್ಡು ಆಡಲು ತೆರುವ ಶಕ್ತಿ) ಸಾಕು. ತಲಾ ನಾಲ್ಕು ಇಟ್ಟರೆ ಎಂಟಾಗುತ್ತವೆ. ಮೇಜಿನ ಮೇಲೆ ಒಂದೇ ಇದ್ದರೆ ಎದುರಾಳಿಯ ಆರಂಭದ ಇಪ್ಪತ್ತು ಜೀವಾಂಕ ಮುಗಿಸಲು ಏಳು ಅಪ್‌ಕೀಪ್ ಬೇಕು, ಎರಡಿದ್ದರೆ ನಾಲ್ಕೇ ಸಾಕು. ಅಷ್ಟು ಕಾಲ ನಮ್ಮನ್ನು ಉಳಿಸುವ ಕೆಲಸ ಎನ್ಸ್‌ನೇರಿಂಗ್ ಬ್ರಿಡ್ಜ್‌ನದು: ನಮ್ಮ ಕೈಯಲ್ಲಿರುವ ಕಾರ್ಡುಗಳ ಸಂಖ್ಯೆಗಿಂತ ಹೆಚ್ಚು ಬಲವಿರುವ ಯಾವ ಕ್ರೀಚರ್ ಕೂಡ ದಾಳಿ ಮಾಡುವಂತಿಲ್ಲ. ಬೇರೆ ಡೆಕ್‌ಗಳಲ್ಲಿ ಖಾಲಿ ಕೈ ಎಂದರೆ ದುರ್ಬಲತೆ, ಇಲ್ಲಿ ಅದೇ ಕೋಟೆ. ಈ ಹೊಂದಿಕೆಯ ಸೊಗಸನ್ನು ನಾನು ಇಂದಿಗೂ ಮೆಚ್ಚುತ್ತೇನೆ.

ರ್ಯಾಕ್ ಮೇಜಿಗೆ ಬಂದ ಮೇಲೆ ಅನುಭವಿ ಎದುರಾಳಿ ಬೇಡದ ಲ್ಯಾಂಡುಗಳನ್ನು (ಮನಾ ಕೊಡುವ ನೆಲದ ಕಾರ್ಡುಗಳನ್ನು) ಆಡದೆ ಕೈಯಲ್ಲೇ ಹಿಡಿದು ಹಾನಿ ತಗ್ಗಿಸುತ್ತಾರೆ. ರೇವನ್ಸ್ ಕ್ರೈಮ್ ಬೇಕಾಗುವುದು ಅದಕ್ಕೆ. ಒಂದು ಲ್ಯಾಂಡನ್ನು ಬಿಸಾಡಿ ಇದನ್ನು ಗ್ರೇವ್‌ಯಾರ್ಡಿನಿಂದ ಮತ್ತೆ ಮತ್ತೆ ಆಡಬಹುದು, ಹಾಗಾಗಿ ಆಟದ ಕೊನೆಯಲ್ಲಿ ನಾವು ಎಳೆಯುವ ಪ್ರತಿ ಲ್ಯಾಂಡೂ ಒಂದು ಡಿಸ್ಕಾರ್ಡ್ ಆಗುತ್ತದೆ. ಫ್ಯೂನರಲ್ ಚಾರ್ಮ್ ಇನ್‌ಸ್ಟಂಟ್ (ಎದುರಾಳಿಯ ಸರದಿಯಲ್ಲೂ ಆಡಬಹುದಾದ ಕಾರ್ಡು) ಆದ್ದರಿಂದ ಎದುರಾಳಿ ಕಾರ್ಡು ಎಳೆದ ಕೂಡಲೇ, ಅದನ್ನು ಆಡುವ ಹಂತ ಬರುವ ಮೊದಲೇ, ಬಿಸಾಡಿಸಬಹುದು; ಎಳೆದದ್ದು ಇನ್‌ಸ್ಟಂಟ್ ಆಗಿದ್ದರೆ ಮಾತ್ರ ಅವರು ಪ್ರತಿಯಾಗಿ ಅದನ್ನು ಆಡಿಬಿಡಬಲ್ಲರು.

ಆರಂಭದ ಲೆಕ್ಕ ಹೀಗಿದೆ: ಅರವತ್ತು ಕಾರ್ಡುಗಳ ಡೆಕ್ಕಿನಲ್ಲಿ ಒಂದು ಮನಾದ ಡಿಸ್ಕಾರ್ಡ್ ಎಂಟಿದ್ದರೆ, ಮೊದಲ ಏಳು ಕಾರ್ಡುಗಳಲ್ಲಿ ಕನಿಷ್ಠ ಒಂದು ಬರುವ ಸಂಭವ ಸುಮಾರು ಶೇ. 65, ಹನ್ನೆರಡಿದ್ದರೆ ಸುಮಾರು ಶೇ. 81. ಥಾಟ್‌ಸೀಜ್ ನಾಲ್ಕು, ಇನ್ಕ್ವಿಸಿಷನ್ ಆಫ್ ಕೊಜಿಲೆಕ್ ನಾಲ್ಕು, ಅವುಗಳ ಜೊತೆಗೆ ರೇವನ್ಸ್ ಕ್ರೈಮ್ ಎಂಬುದು ನನ್ನ ಆಯ್ಕೆ.

ಇನ್ನು ಎದುರಾಳಿಯ ಕೈ ತೆರೆದುಕೊಂಡಾಗ ಏನನ್ನು ತೆಗೆಯಬೇಕು? ಈ ಡೆಕ್ ಆಡುವವರ ಕೌಶಲವೆಲ್ಲ ಈ ಪ್ರಶ್ನೆಯಲ್ಲಿದೆ ಎಂದು ನಾನು ನಂಬುತ್ತೇನೆ. ಅತ್ಯಂತ ಬಲವಾದ ಕಾರ್ಡಿನತ್ತ ಕಣ್ಣು ಹೋಗುವುದು ಸಹಜ, ಆದರೆ ತೆಗೆಯಬೇಕಾದದ್ದು ಉಳಿದ ಕಾರ್ಡುಗಳು ಯಾವುದನ್ನು ನೆಚ್ಚಿಕೊಂಡಿವೆಯೋ ಅದನ್ನು. ಎರಡೇ ಲ್ಯಾಂಡು, ಮನಾ ಕೊಡುವ ಒಂದು ಸಣ್ಣ ಕ್ರೀಚರ್, ನಾಲ್ಕು ಮನಾದ ಮೂರು ದೊಡ್ಡ ಕಾರ್ಡುಗಳು ಕಂಡರೆ ನಾನು ಆ ಸಣ್ಣ ಕ್ರೀಚರನ್ನೇ ತೆಗೆಯುತ್ತೇನೆ, ಏಕೆಂದರೆ ದೊಡ್ಡವು ಕೈಯಲ್ಲೇ ಸಿಕ್ಕಿಕೊಂಡಿರುವಷ್ಟು ಕಾಲ ಅವುಗಳನ್ನು ಒಂದೊಂದಾಗಿ ಕೀಳಲು ನನಗೆ ಅವಕಾಶ ಸಿಗುತ್ತದೆ. ನನ್ನ ಕೈಯಲ್ಲಿ ಈಗಾಗಲೇ ಉತ್ತರವಿರುವ ಕಾರ್ಡನ್ನೂ ಮುಟ್ಟುವುದಿಲ್ಲ. ಇನ್ಕ್ವಿಸಿಷನ್ ಮೂರು ಮನಾ ಅಥವಾ ಅದಕ್ಕಿಂತ ಅಗ್ಗದ ಕಾರ್ಡುಗಳನ್ನು ಮಾತ್ರ ಹಿಡಿಯಬಲ್ಲದು. ಎರಡೂ ಕೈಯಲ್ಲಿದ್ದರೆ ಸಾಮಾನ್ಯವಾಗಿ ಅದನ್ನು ಮೊದಲು ಆಡಿ, 2 ಜೀವಾಂಕ ಕೇಳುವ ಥಾಟ್‌ಸೀಜನ್ನು ದುಬಾರಿ ಕಾರ್ಡಿಗಾಗಿ ಕಾಯ್ದಿರಿಸುತ್ತೇನೆ.

2011ರ ಲಿಲಿಯಾನಾ ಆಫ್ ದ ವೇಲ್ ಬೇರೆಯೇ ಬಗೆಯದು, ಮೇಜಿನ ಮೇಲೆ ಉಳಿದು ಸರದಿಗೊಂದು ಶಕ್ತಿ ಬಳಸುವ ಪಾತ್ರದ ಕಾರ್ಡು. ಅವಳ ಮೊದಲ ಶಕ್ತಿ ಇಬ್ಬರಿಂದಲೂ ಒಂದೊಂದು ಕಾರ್ಡು ಬಿಸಾಡಿಸುತ್ತದೆ, ಯಾವುದನ್ನು ಎಂಬುದು ಅವರವರ ಆಯ್ಕೆ. ತುಂಬಿದ ಕೈಯ ಎದುರು ಇದು ದುರ್ಬಲ, ಒಂದೇ ಕಾರ್ಡು ಉಳಿದಾಗ ನಿರ್ದಯ. ನಮ್ಮ ಕೈಯೂ ಖಾಲಿಯಾಗುವುದರಿಂದ ಬ್ರಿಡ್ಜ್‌ಗೂ ಅನುಕೂಲ.

ಎದುರಾಳಿಗಳ ಸೈಡ್‌ಬೋರ್ಡಿಗೂ (ಮೊದಲ ಆಟದ ನಂತರ ಡೆಕ್ಕಿಗೆ ಬದಲಿಸಿಕೊಳ್ಳುವ ಹೆಚ್ಚುವರಿ ಕಾರ್ಡುಗಳಿಗೂ) ಸಿದ್ಧರಿರಬೇಕು. ಲೇಲೈನ್ ಆಫ್ ಸ್ಯಾಂಕ್ಟಿಟಿ ಬಂದರೆ ಎದುರಾಳಿಯನ್ನು ಗುರಿಯಾಗಿಸುವ ಥಾಟ್‌ಸೀಜ್, ಇನ್ಕ್ವಿಸಿಷನ್ ನಿಷ್ಪ್ರಯೋಜಕ. ಆದರೆ ಲಿಲಿಯಾನಾಳ ಮೊದಲ ಶಕ್ತಿ, ಇಬ್ಬರಿಂದಲೂ ಬಿಸಾಡಿಸುವ ಸ್ಮಾಲ್‌ಪಾಕ್ಸ್, ರ್ಯಾಕ್ ಯಾರನ್ನೂ ಗುರಿಯಾಗಿಸದ ಕಾರಣ ಎಂದಿನಂತೆ ಕೆಲಸ ಮಾಡುತ್ತವೆ. ಅಬ್ಸ್ಟಿನೇಟ್ ಬೆಲಾತ್ ಎಂಬ ಹಸಿರು ಕ್ರೀಚರ್ ಇನ್ನೂ ಕಿರಿಕಿರಿಯದು, ನಾವು ಬಿಸಾಡಿಸಿದರೆ ಅದು ನೇರವಾಗಿ ಮೇಜಿಗೇ ಬರುತ್ತದೆ. ಹಸಿರು ಬಣ್ಣದವರ ವಿರುದ್ಧ ಎರಡನೇ ಆಟದಿಂದ ಲಿಲಿಯಾನಾಳನ್ನು ಇಳಿಸಿದರೂ, ಅವರ ಕೈಯನ್ನು ಒಮ್ಮೆ ನೋಡುವ ತನಕ ಅವಳ ಮೊದಲ ಶಕ್ತಿಯನ್ನು ನಾನು ಬಳಸುವುದಿಲ್ಲ. ನೇರ ಹಾನಿಯ ಕೆಂಪು ಡೆಕ್‌ಗಳ ಎದುರು ಥಾಟ್‌ಸೀಜ್ ಕೇಳುವ ಜೀವಾಂಕ ತೀರಾ ದುಬಾರಿಯಾದ್ದರಿಂದ ಅವನ್ನು ಹೊರಗಿಟ್ಟು ಜೀವಾಂಕ ಕೇಳದ ಡ್ಯುರೆಸ್ ಒಳಗೆ ತರುತ್ತೇನೆ.