ಭಾವ ಫಾರ್ವರ್ಡ್ ಮಾಡಿದ ಮಾತ್ರೆ

ಈ ವಾರ ನನ್ನ ತಲೆ ಕೆಡಿಸಿದ್ದು ಭಾವನ ಒಂದು ವಾಟ್ಸಾಪ್ ಮೆಸೇಜು. ಚಿಕ್ಕಮ್ಮ ದಿನಾ ನುಂಗುವ ಜೆಫಿಟಿನಿಬ್ ಮಾತ್ರೆಯ ಫೋಟೋ ತೆಗೆದು, "ಶ್ವಾಸಕೋಶದ ಕ್ಯಾನ್ಸರ್‌ಗೆ ಮಾತ್ರೆ ಬಂದಿದೆ, ಕೀಮೋ ಬೇಡ, ಎಲ್ಲರಿಗೂ ತಿಳಿಸಿ" ಅಂತ ತೀರ್ಥಹಳ್ಳಿಯಿಂದ ಶೃಂಗೇರಿವರೆಗಿನ ಅಷ್ಟೂ ನೆಂಟರಿಗೆ ಕಳಿಸಿದ್ದಾರೆ.

ಔಷಧಿ ಶುರುಮಾಡೋ ಮೊದಲು ಗಡ್ಡೆಯ ಜೀನ್ ಟೆಸ್ಟ್ ಆಗಬೇಕು ಅಂದಾಗ, ಟೆಸ್ಟೇ ಬೇಡ ಅಂತ ಕೂಗಾಡಿದ್ದೂ ಇದೇ ಭಾವ. "ಕ್ಯಾನ್ಸರ್ ಅಂದಮೇಲೆ ಕೀಮೋ, ನಾಳೆಯಿಂದಲೇ ಕೊಡ್ಲಿ. ಜಾತಕ ನೋಡ್ದಂಗೆ ಗಡ್ಡೆಯ ಡಿಎನ್‌ಎ ನೋಡ್ತಾ ಕೂರೋದಾ?" ಅಡಿಕೆ ಕೊನೆ ಕೊಯ್ಲು ಬಿಟ್ಟು ಆಗುಂಬೆ ಘಾಟಿ ಇಳಿದು ಆಸ್ಪತ್ರೆಗೆ ಓಡಾಡಿದವರು, ಒಳ್ಳೆಯವರೇ. ಕಾಯೋದು ಮಾತ್ರ ಅವರ ಜಾಯಮಾನದಲ್ಲಿಲ್ಲ.

ಬಯಾಪ್ಸಿಯ ಬ್ಲಾಕ್ ಅಂದ್ರೆ ಎರಡು ಬೆರಳಗಲದ ಪ್ಲಾಸ್ಟಿಕ್ ಚೌಕಟ್ಟು, ಅದರ ಮೇಲೆ ಬಿಳಿ ಮೇಣ, ಮೇಣದೊಳಗೆ ಗಡ್ಡೆಯಿಂದ ತೆಗೆದ, ಕಂಡೂ ಕಾಣದಷ್ಟು ಮಾಂಸದ ಚೂರು. ಲ್ಯಾಬಿನವರು ಹುಡುಕಿದ್ದು ಆ ಚೂರಿನ ಇಜಿಎಫ್‌ಆರ್ ಜೀನ್ ಕೆಟ್ಟಿದೆಯಾ ಅಂತ. ಅದು ಕೆಟ್ಟಿದ್ದರೆ ಜೀವಕೋಶಕ್ಕೆ 'ಬೆಳಿ, ಬೆಳಿ' ಅನ್ನುವ ಸೂಚನೆ ನಿಲ್ಲೋದೇ ಇಲ್ಲ, ಮಾತ್ರೆ ಅದನ್ನು ತಡೆಯುತ್ತದೆ. ಬೀಡಿ ಸಿಗರೇಟು ಮುಟ್ಟದವರಲ್ಲಿ, ಅದರಲ್ಲೂ ಏಷ್ಯಾದ ಹೆಂಗಸರಲ್ಲಿ, ಇದು ಜಾಸ್ತಿ. ಚಿಕ್ಕಮ್ಮನದ್ದು ಅದೇ ಆಯಿತು. ಅವರು ಕೇಳಿದ್ದು ಒಂದೇ ಪ್ರಶ್ನೆ, ಮೊಮ್ಮಕ್ಕಳಿಗೂ ಬರತ್ತಾ ಅಂತ. ಇದು ಗಡ್ಡೆಯಲ್ಲಿ ಆಮೇಲೆ ಆದ ಬದಲಾವಣೆ, ಹುಟ್ಟಿನಿಂದ ಬಂದದ್ದಲ್ಲ ಅಂದರು ಡಾಕ್ಟರು. ಆಮೇಲೆ ಚಿಕ್ಕಮ್ಮ ಮತ್ತೇನೂ ಕೇಳಲಿಲ್ಲ.

ಅವತ್ತು ಹೊರಗಿನ ಬೆಂಚಿನಲ್ಲಿ ಹೊಸನಗರ ಕಡೆಯ ಗಂಡ ಹೆಂಡತಿ ಕೂತಿದ್ದರು. ಗಂಡನಿಗೂ ಶ್ವಾಸಕೋಶದ್ದೇ. ಅವರ ರಿಪೋರ್ಟಿನಲ್ಲಿ ಈ ಬದಲಾವಣೆ ಇರಲಿಲ್ಲ, ಹಾಗಾಗಿ ಕೀಮೋ. ಆಯಮ್ಮ ನಮ್ಮ ಔಷಧಿ ಚೀಟಿ ನೋಡಿ ಮೆಲ್ಲಗೆ ಕೇಳಿದರು: "ನಮ್ಮವರದ್ದೂ ಇದೇ ಕಾಯಿಲೆ ಅಲ್ವೇನ್ರೀ? ನಮಗ್ಯಾಕೆ ಮಾತ್ರೆ ಕೊಡಲ್ಲ?"

ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಅಡಿಕೆ ಸುಲಿಯುವಾಗಲೂ ಅದೇ ಕೇಳಿಸುತ್ತದೆ. ದುಡ್ಡಿಲ್ಲ ಅಂತ ಕೊಡಲಿಲ್ಲವೇನೋ ಅನ್ನುವ ಅನುಮಾನ ಆ ದನಿಯಲ್ಲಿತ್ತು. ನಿಜ ಸಂಗತಿ ಬೇರೆ. 2009ರಲ್ಲಿ ಐಪಾಸ್ ಅನ್ನುವ ಅಧ್ಯಯನದ ಫಲಿತಾಂಶ ಬಂತು, ಏಷ್ಯಾದ ಸಾವಿರಕ್ಕೂ ಜಾಸ್ತಿ ರೋಗಿಗಳ ಮೇಲೆ ನಡೆದದ್ದು. ಬದಲಾವಣೆ ಇದ್ದವರಲ್ಲಿ ಇದೇ ಮಾತ್ರೆ ಕೀಮೋಗಿಂತ ಹೆಚ್ಚು ದಿನ ರೋಗವನ್ನು ಹಿಡಿದಿಟ್ಟಿತು. ಇಲ್ಲದವರಲ್ಲಿ ಉಲ್ಟಾ, ಕೀಮೋನೇ ಎಷ್ಟೋ ವಾಸಿ. ಅಂದ್ರೆ ಆ ಹೊಸನಗರದವರಿಗೆ ಮಾತ್ರೆ ಕೊಟ್ಟಿದ್ದರೆ ಕೀಮೋ ಕೆಲಸ ಮಾಡಬೇಕಿದ್ದ ದಿನಗಳು ಸುಮ್ನೆ ಕಳೆದುಹೋಗುತ್ತಿದ್ದವು. ಇದನ್ನು ಅವರಿಗೆ ಕೂರಿಸಿಕೊಂಡು ಹೇಳಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ. ಟೆಸ್ಟಿಗೆ ಇಷ್ಟೆಲ್ಲ ಖರ್ಚು ಮಾಡಿಸುವವರು ಅದರ ಅರ್ಥ ಹೇಳಲು ಒಬ್ಬರನ್ನು ಕೂರಿಸಬಾರದಾ?

ನಮ್ಮ ಮಾತ್ರೆಯೂ ಕೊನೇತನಕ ಕೆಲಸ ಮಾಡುವಂಥದ್ದಲ್ಲ. ಗಡ್ಡೆ ಮತ್ತೆ ಬದಲಾಗುತ್ತದೆ. ಸುಮಾರು ಅರ್ಧ ಜನರಲ್ಲಿ ಟಿ790ಎಂ ಅನ್ನುವ ಇನ್ನೊಂದು ಬದಲಾವಣೆ ಬರುತ್ತದೆ, ಆಗ ಆಸಿಮರ್ಟಿನಿಬ್ ಅಂತ ಬೇರೆ ಮಾತ್ರೆ. ಆ ಬದಲಾವಣೆಯನ್ನು ರಕ್ತದಲ್ಲೇ ಹುಡುಕುವ ಪರೀಕ್ಷೆಯೂ ಬಂದಿದೆ. ಭಾವನಿಗೆ ಇದನ್ನೆಲ್ಲ ಹೇಳಿದರೆ, "ಒಳ್ಳೆ ಸುದ್ದಿ ಹಂಚಿದ್ರೂ ತಪ್ಪಾ?" ಅಂತ ಮುಖ ದಪ್ಪ ಮಾಡಿಕೊಂಡರು.

ನಿನ್ನೆ ಭಾವನ ಮೆಸೇಜು ನೋಡಿ ಕೊಪ್ಪದಿಂದ ಒಬ್ಬರ ಫೋನು, ಆ ಮಾತ್ರೆ ಎಲ್ಲಿ ಸಿಗತ್ತೆ ಅಂತ. ಅವರ ತಮ್ಮನಿಗೆ ಕರುಳಿನ ಕ್ಯಾನ್ಸರ್. ಅದಕ್ಕೆ ನೋಡುವ ಜೀನುಗಳೇ ಬೇರೆ, ಔಷಧಿಯೂ ಬೇರೆ. "ಮಾತ್ರೆ ವಿಷಯ ಬಿಡಿ, ಬ್ಲಾಕ್ ಯಾವ ಲ್ಯಾಬಲ್ಲಿದೆ, ಯಾವ್ಯಾವ ಜೀನ್ ನೋಡಬೇಕು ಅಂತ ಡಾಕ್ಟರನ್ನೇ ಕೇಳಿ" ಅಂದೆ. ಅವರು ಬರ್ಕೊಳ್ತೀನಿ ಇರಿ ಅಂತ ಪೆನ್ನು ಹುಡುಕಲು ಹೋದರು.