ಎರಡು ‘ಸೋಬಾನೆ’ ಫೋಲ್ಡರು: ಫೋನ್ ಮತ್ತು ಕಂಪ್ಯೂಟರ್ ಸಿಂಕ್ ಕೆಲಸ ಎಲ್ಲಿಗೆ ಬಂತು

ನಾಗಮಂಗಲದ ಕಡೆ ನಮ್ಮ ದೊಡ್ಡಮ್ಮ ಮತ್ತು ಅವರ ಓರಗೆಯ ಹೆಂಗಸರು ಹಾಡುವ ಪದಗಳನ್ನು ರೆಕಾರ್ಡ್ ಮಾಡಿಡುವ ಕೆಲಸ ಇದು. ರೆಕಾರ್ಡಿಂಗ್ ಫೋನಿನಲ್ಲಿ. ಕತ್ತರಿಸುವುದು, ಹೆಸರಿಡುವುದು, ಜೋಡಿಸುವುದು ಮನೆಯ ಕಂಪ್ಯೂಟರಿನಲ್ಲಿ. ಅದರಲ್ಲಿರುವುದು ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್. ಜೋಡಿಸಿದ ಹಾಡುಗಳ ಚಿಕ್ಕ ಪ್ರತಿಗಳು ಮತ್ತೆ ಫೋನಿಗೆ ಬರಬೇಕು. ಮುಂದಿನ ಸಲ ಊರಿಗೆ ಹೋದಾಗ ‘ಇದ ಆಗ್ಲೇ ಹೇಳಿವ್ನಲ್ಲಪ್ಪ’ ಎಂದು ದೊಡ್ಡಮ್ಮ ಅಂದರೆ, ಅಲ್ಲೇ ಹಾಕಿ ಕೇಳಿಸಬೇಕು. ಹೌದೋ ಅಲ್ಲವೋ ಅವರೇ ಹೇಳುತ್ತಾರೆ. ಎಷ್ಟೋ ಸಲ ರಾಗ ಅದೇ, ಪದ ಬೇರೆ.

ಹಾಗಾಗಿ ಹೋಗುವ ದಾರಿ, ಬರುವ ದಾರಿ ಎರಡೂ ಸರಿಯಿರಬೇಕು. ಈ ಮಳೆಗಾಲದಲ್ಲಿ ಹಾಡಿಗಿಂತ ದಾರಿ ರಿಪೇರಿಯೇ ಜಾಸ್ತಿ ಆಯಿತು.

ಜೂನ್: ಕೇಬಲ್

ಮೊದಲ ತಕರಾರು ಕೇಬಲ್ಲಿನದು. ಸಿಕ್ಕಿಸಿದರೆ ಫೋನ್ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಕೆಲವು ಅಗ್ಗದ ಕೇಬಲ್ಲುಗಳಲ್ಲಿ ಕರೆಂಟ್ ಒಯ್ಯುವ ತಂತಿಗಳು ಮಾತ್ರ ಇರುತ್ತವೆ, ಡೇಟಾ ತಂತಿಗಳೇ ಇರುವುದಿಲ್ಲ. ಹೊರಗಿಂದ ನೋಡಿದರೆ ತಿಳಿಯುವುದಿಲ್ಲ. ಟರ್ಮಿನಲ್ಲಿನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಸಿಕ್ಕಿಸಿದ ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ‘ಎಲ್‌ಎಸ್‌ಯುಎಸ್‌ಬಿ’ ಕಮಾಂಡ್ ಕೊಟ್ಟು, ಸಿಕ್ಕಿಸುವ ಮೊದಲು ಒಮ್ಮೆ, ಸಿಕ್ಕಿಸಿದ ಮೇಲೆ ಒಮ್ಮೆ ನೋಡಿ. ಪಟ್ಟಿಯಲ್ಲಿ ಹೊಸ ಸಾಲು ಬರದಿದ್ದರೆ ಬೇರೇನೂ ಹುಡುಕಬೇಡಿ, ಮೊದಲು ಕೇಬಲ್ ಬದಲಿಸಿ.

ಕೇಬಲ್ ಬದಲಾಯಿತು, ಸಾಲು ಬಂತು. ಆದರೂ ಫೋಲ್ಡರ್ ಖಾಲಿ. ಫೋನಿನ ಲಾಕ್ ತೆಗೆದು, ಮೇಲಿನಿಂದ ಇಳಿಯುವ ನೋಟಿಫಿಕೇಶನ್ನಿನಲ್ಲಿ ‘ಫೈಲ್ ವರ್ಗಾವಣೆ’ ಆರಿಸಬೇಕು. ಪ್ರತಿ ಸಲವೂ ಇದೇ ಗೋಳು ಬೇಡವೆಂದರೆ ಡೆವಲಪರ್ ಆಯ್ಕೆಗಳಲ್ಲಿ ಡೀಫಾಲ್ಟ್ ಯುಎಸ್‌ಬಿ ಸೆಟ್ಟಿಂಗನ್ನು ಅದಕ್ಕೇ ಇಟ್ಟುಬಿಡಬಹುದು. ಲಾಕ್ ಮಾತ್ರ ತೆಗೆಯಲೇಬೇಕು.

‘ಪೆನ್‌ಡ್ರೈವ್ ಥರ ಯಾಕೆ ಕಾಣಿಸೋಲ್ಲ’ ಎಂದು ಅಣ್ಣನ ಮಗ ಕೇಳಿದ. ಹಳೆಯ ಆಂಡ್ರಾಯ್ಡ್‌ಗಳಲ್ಲಿ ಹಾಗೇ ಕಾಣಿಸುತ್ತಿತ್ತು. ಆದರೆ ಹಾಗೆ ಕೊಟ್ಟಾಗ ಇಡೀ ಮೆಮೊರಿ ಕಂಪ್ಯೂಟರಿನ ಕೈಗೆ ಹೋಗುತ್ತದೆ. ಅಷ್ಟು ಹೊತ್ತು ಫೋನಿನ ಆ್ಯಪ್‌ಗಳು ಅದನ್ನು ಮುಟ್ಟುವಂತಿಲ್ಲ. 2011ರಲ್ಲಿ ಬಂದ ಆಂಡ್ರಾಯ್ಡ್ 3ರಿಂದ ಎಂಟಿಪಿ ಎಂಬ ಪದ್ಧತಿ ಶುರುವಾಯಿತು. ಇದರಲ್ಲಿ ಮೆಮೊರಿ ಫೋನಿನ ಹತ್ತಿರವೇ ಇರುತ್ತದೆ, ಕಂಪ್ಯೂಟರ್ ಒಂದೊಂದೇ ಫೈಲನ್ನು ಕೇಳಿ ತರಿಸಿಕೊಳ್ಳುತ್ತದೆ. ಲೈಬ್ರರಿಯಲ್ಲಿ ಕಪಾಟಿಗೆ ಕೈ ಹಾಕಲು ಬಿಡದೆ, ಕೌಂಟರಿನಲ್ಲಿ ಚೀಟಿ ಬರೆಸಿಕೊಂಡು ಪುಸ್ತಕ ಕೊಡುತ್ತಾರಲ್ಲ, ಹಾಗೆ. ಸುರಕ್ಷಿತ, ಆದರೆ ನಿಧಾನ. ದೊಡ್ಡ ಫೋಲ್ಡರ್ ತೆರೆದರೆ ಪಟ್ಟಿ ಬರುವಷ್ಟರಲ್ಲಿ ಕಾಫಿ ಮಾಡಿಕೊಂಡು ಬರಬಹುದು.

ನನ್ನ ರೆಕಾರ್ಡಿಂಗ್ 48 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೊ ವೇವ್ ಫೈಲು. ನಿಮಿಷಕ್ಕೆ ಸುಮಾರು 11.5 ಎಂಬಿ, ಗಂಟೆಗೆ ಹತ್ತಿರ ಹತ್ತಿರ 690 ಎಂಬಿ. ಇಂಥದ್ದನ್ನು ನಕಲು ಮಾಡುವಾಗ ಅರ್ಧದಲ್ಲಿ ಸಂಪರ್ಕ ಕಡಿದರೆ, ಯಾವುದು ಪೂರ್ತಿ ಬಂತು, ಯಾವುದು ಅರ್ಧ ಬಂತು ಎಂದು ಕೂತು ಹೋಲಿಸಬೇಕು. ಕಂಪ್ಯೂಟರಿನಿಂದ ಕಮಾಂಡ್ ಕೊಟ್ಟು ಆಂಡ್ರಾಯ್ಡ್ ಫೋನಿನ ಜೊತೆ ಮಾತಾಡುವ ಎಡಿಬಿ ಎಂಬ ಸಾಧನ ಬಳಸಿದರೆ ಇದು ವಾಸಿ. ‘ಎಡಿಬಿ ಪುಲ್’ ಜೊತೆಗೆ ‘ಎ’ ಆಯ್ಕೆ ಕೊಟ್ಟರೆ ಫೈಲಿನ ತಾರೀಖು ಕೂಡ ಹಾಗೇ ಉಳಿಯುತ್ತದೆ. ಯಾವ ಹಾಡು ಯಾವ ದಿನ ಹಾಡಿದ್ದು ಎನ್ನುವುದು ಇಲ್ಲಿ ಮುಖ್ಯ. ಆದರೆ ಪ್ರತಿ ಸಲ ತಂತಿ ಸಿಕ್ಕಿಸಿ ಕಮಾಂಡ್ ಬರೆಯುವುದು ನನ್ನಿಂದ ಬಹಳ ದಿನ ನಡೆಯುವ ಮಾತಲ್ಲ.

ಜುಲೈ: ವೈಫೈ

ಸಿಂಕ್‌ಥಿಂಗ್ ಹಾಕಿದೆ. ಎರಡು ಸಾಧನಗಳ ಫೋಲ್ಡರುಗಳನ್ನು ತಾನಾಗಿ ಒಂದೇ ಥರ ಇಡುವ, ಅಂದರೆ ಸಿಂಕ್ ಮಾಡುವ, ಮುಕ್ತ ತಂತ್ರಾಂಶ ಇದು. ಮಧ್ಯೆ ಯಾರ ಸರ್ವರಿನಲ್ಲೂ ಫೈಲ್ ಕೂರುವುದಿಲ್ಲ, ಫೋನ್ ಮತ್ತು ಕಂಪ್ಯೂಟರ್ ನೇರವಾಗಿ ಮಾತಾಡಿಕೊಳ್ಳುತ್ತವೆ. ಹಾಡಿದವರ ದನಿ ಎಲ್ಲೆಲ್ಲಿಗೆ ಹೋಗುತ್ತದೋ ಎಂಬ ಚಿಂತೆ ಇಲ್ಲ. ಒಂದು ಮಾತು: ಮೊದಲಿದ್ದ ಅಧಿಕೃತ ಆಂಡ್ರಾಯ್ಡ್ ಆ್ಯಪ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಈಗ ಬಳಸಬೇಕಾದ್ದು ಸಿಂಕ್‌ಥಿಂಗ್-ಫೋರ್ಕ್, ಮುಕ್ತ ಆ್ಯಪ್‌ಗಳ ಅಂಗಡಿಯಾದ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆ. ಹಳೆಯ ಲೇಖನ ಓದಿಕೊಂಡು ಹಳೆಯ ಆ್ಯಪ್ ಹುಡುಕುತ್ತಾ ಕೂರಬೇಡಿ.

ಜೋಡಿಸುವುದು ಸಲೀಸು. ಕಂಪ್ಯೂಟರಿನ ಬ್ರೌಸರಿನಲ್ಲಿ 127.0.0.1:8384 ತೆರೆದು ಅಲ್ಲಿನ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿದರೆ ಆಯಿತು. ಎರಡೂ ಒಂದನ್ನೊಂದು ಕಂಡವು. ಆದರೆ ವೇಗ ಮಾತ್ರ ತೀರಾ ಕಡಿಮೆ. ಒಂದೇ ಮನೆ, ಒಂದೇ ರೂಮು, ಆದರೂ ಎತ್ತಿನಗಾಡಿ ವೇಗ.

ಡಿವೈಸ್ ಹೆಸರಿನ ಕೆಳಗೆ ನೋಡಿದರೆ ಸಂಪರ್ಕದ ಬಗೆ ‘ರಿಲೇ’ ಎಂದಿತ್ತು. ಅಂದರೆ ನೇರ ದಾರಿ ಸಿಗದೆ, ಇಂಟರ್ನೆಟ್ಟಿನಲ್ಲಿರುವ ಮಧ್ಯವರ್ತಿ ಯಂತ್ರದ ಮೂಲಕ ಡೇಟಾ ಓಡಾಡುತ್ತಿದೆ. ಅದು ಗೂಢಲಿಪಿಯಲ್ಲೇ ಹೋಗುವುದರಿಂದ ಮಧ್ಯೆ ಯಾರೂ ಓದಲಾರರು. ಆದರೆ ಪಕ್ಕದ ಮೇಜಿಗೆ ಹೋಗಬೇಕಾದ ಫೈಲು ಊರೆಲ್ಲಾ ಸುತ್ತಿ ಬರುತ್ತಿತ್ತು. ಕಾರಣ ಎರಡು. ಫೋನ್ ಸೇರಿಕೊಂಡಿದ್ದು ರೌಟರಿನ ಗೆಸ್ಟ್ ವೈಫೈಗೆ. ಅಲ್ಲಿ ಸಾಧನಗಳು ಒಂದಕ್ಕೊಂದು ಕಾಣಿಸದಂತೆ ತಡೆ ಇರುತ್ತದೆ. ಇನ್ನೊಂದು ಕಾರಣ, ಹೊರಗಿಂದ ಬರುವ ಸಂಪರ್ಕಗಳನ್ನು ತಡೆಯುವ ನನ್ನ ಕಂಪ್ಯೂಟರಿನ ಫೈರ್‌ವಾಲ್. ಡೇಟಾಕ್ಕೆ 22000, ಮನೆಯೊಳಗೆ ಒಂದನ್ನೊಂದು ಹುಡುಕಲು ಯುಡಿಪಿ 21027, ಈ ಎರಡು ಪೋರ್ಟುಗಳನ್ನು (ಡೇಟಾ ಬಂದುಹೋಗುವ ಬಾಗಿಲುಗಳನ್ನು) ಫೈರ್‌ವಾಲಿನಲ್ಲಿ ತೆರೆದು, ಫೋನನ್ನು ಮುಖ್ಯ ವೈಫೈಗೆ ಹಾಕಿದ ಮೇಲೆ ರಿಲೇ ಹೋಗಿ ನೇರ ಸಂಪರ್ಕ ಬಂತು.

ಆಗಸ್ಟ್ ಆರಂಭ: ಬ್ಯಾಟರಿ

ಸ್ಕ್ರೀನ್ ಆರಿಸಿದರೆ ಸ್ವಲ್ಪ ಹೊತ್ತಿನಲ್ಲಿ ಸಿಂಕ್ ನಿಲ್ಲುತ್ತಿತ್ತು. 2015ರ ಆಂಡ್ರಾಯ್ಡ್ 6ರಲ್ಲಿ ಬಂದ ‘ಡೋಜ್’ ವ್ಯವಸ್ಥೆ ಸುಮ್ನೆ ಬಿದ್ದಿರುವ ಫೋನಿನಲ್ಲಿ ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿಯುತ್ತದೆ. ಫೋನ್ ತಯಾರಕರು ಅದರ ಮೇಲೆ ತಮ್ಮದೇ ಇನ್ನಷ್ಟು ಕಡಿವಾಣ ಹಾಕುವುದೂ ಉಂಟು. ಆ್ಯಪಿನ ಬ್ಯಾಟರಿ ಸೆಟ್ಟಿಂಗನ್ನು ‘ನಿರ್ಬಂಧವಿಲ್ಲ’ ಎಂದು ಮಾಡಿದೆ, ಸರಿಹೋಯಿತು. ಮನೆಯ ವೈಫೈ ಇದ್ದಾಗ ಮಾತ್ರ ಓಡು ಎಂದು ಹೇಳಲು ಹೋದರೆ ಲೊಕೇಶನ್ ಅನುಮತಿ ಕೇಳುತ್ತದೆ. ಹಾಡಿಗೂ ಲೊಕೇಶನ್ನಿಗೂ ಏನು ಸಂಬಂಧ ಅನ್ನಿಸುತ್ತದೆ, ಅಲ್ವಾ? ವೈಫೈ ಹೆಸರು ಗೊತ್ತಾದರೆ ನೀವು ಎಲ್ಲಿದ್ದೀರಿ ಎಂದು ಊಹಿಸಬಹುದು. ಅದಕ್ಕೇ ಆಂಡ್ರಾಯ್ಡ್ ಆ ಹೆಸರನ್ನು ಲೊಕೇಶನ್ ಅನುಮತಿಯ ಹಿಂದೆ ಇಟ್ಟಿದೆ. ಕೊಟ್ಟೆ.

ಆಗಸ್ಟ್ ಕೊನೆ: ಹೆಸರು

ಇಲ್ಲಿಯವರೆಗಿನದೆಲ್ಲಾ ಎಲ್ಲರ ಮನೆಯಲ್ಲೂ ಆಗುವಂಥದ್ದು. ನಿಜವಾದ ತಲೆನೋವು ಶುರುವಾಗಿದ್ದು, ಗೆಳೆಯರೊಬ್ಬರು ಕೆಲವು ವರ್ಷಗಳ ಹಿಂದಿನ ರೆಕಾರ್ಡಿಂಗುಗಳನ್ನು ಶುದ್ಧ ಮಾಡಿ, ಜಿಪ್ ಕಟ್ಟಿ ಕಳಿಸಿದ ಮೇಲೆ. ಅವರದು ಹಳೆಯ ಮ್ಯಾಕ್. ಅವರೂ ನನ್ನಂತೆಯೇ ಹಾಡಿನ ಬಗೆಗೊಂದು ಫೋಲ್ಡರ್ ಮಾಡಿ ಕನ್ನಡದಲ್ಲೇ ಹೆಸರಿಟ್ಟಿದ್ದರು. ಜಿಪ್ ಬಿಚ್ಚಿ ನನ್ನ ಫೋಲ್ಡರುಗಳ ಜೊತೆ ಸೇರಿಸಿದೆ. ಹೆಸರು ಒಂದೇ ಆದ್ದರಿಂದ ಒಂದರೊಳಗೊಂದು ಬೆರೆತುಹೋಗಬೇಕಿತ್ತು.

ಬೆರೆಯಲಿಲ್ಲ. ‘ಸೋಬಾನೆ’ ಹೆಸರಿನ ಎರಡು ಫೋಲ್ಡರು ಪಕ್ಕಪಕ್ಕದಲ್ಲಿ ಕೂತಿದ್ದವು. ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಇರಲು ಸಾಧ್ಯವೇ ಇಲ್ಲ. ಫೋನಿಗೆ ಹೋಗಿದ್ದು ಒಂದು ಮಾತ್ರ, ಗೆಳೆಯರ ಹಾಡುಗಳು ಹೋಗಲೇ ಇಲ್ಲ. ಸಿಂಕ್‌ಥಿಂಗ್‌ನಲ್ಲಿ ‘ವಿಫಲವಾದವು’ ಎಂಬ ಪಟ್ಟಿಯಲ್ಲಿ, ಇನ್ನೊಂದರ ಜೊತೆ ಯುಟಿಎಫ್-8 (ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಪದ್ಧತಿ) ತಿಕ್ಕಾಟವಿದೆ ಎಂಬ ಅರ್ಥದ ಸಾಲುಗಳು.

‘ಇಂಗ್ಲಿಷಲ್ಲಿ ಹೆಸರಿಟ್ಟು ಕೈ ತೊಳೆದುಕೊಳ್ಳಿ ಸಾರ್’ ಎಂಬ ಸಲಹೆ ಬಂತು. ಕಂಪ್ಯೂಟರಿನಲ್ಲಿ ಕನ್ನಡದ ಯಾವ ತೊಂದರೆ ಹೇಳಿಕೊಂಡರೂ ಸಿಗುವ ಔಷಧಿ ಇದು. ನನಗೆ ಬೇಡ. ಈ ಫೈಲುಗಳನ್ನು ಮುಂದೆ ಹುಡುಕುವವರು ಕನ್ನಡದಲ್ಲೇ ಹುಡುಕುತ್ತಾರೆ. ಒತ್ತಕ್ಷರ, ದೀರ್ಘ ಎಲ್ಲಾ ಕಳೆದುಕೊಂಡ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ.

ಸುಳಿವು ಕೊಟ್ಟಿದ್ದು ಫೋಲ್ಡರುಗಳ ಪಟ್ಟಿಯೇ. ಎರಡೆರಡಾಗಿದ್ದವು ಇವು: ಸೋಬಾನೆ, ಜೋಗುಳ, ಕೋಲಾಟ, ಬೀಸುವ ಪದ. ಸರಿಯಾಗಿ ಬೆರೆತಿದ್ದವು ಇವು: ಹಸೆ ಹಾಡು, ನಾಟಿ ಪದ, ತತ್ವಪದ. ಮೊದಲ ಗುಂಪಿನ ಹೆಸರುಗಳಲ್ಲೆಲ್ಲಾ ‘ೋ’ ಅಥವಾ ‘ೀ’ ಇದೆ. ಎರಡನೆಯದರಲ್ಲಿ ಒಂದೂ ಇಲ್ಲ.

ಟರ್ಮಿನಲ್ಲು ಕನ್ನಡವನ್ನು ಮುರಿದು ಮುರಿದು ತೋರಿಸುವುದರಿಂದ ಕಣ್ಣಿನಲ್ಲಿ ನೋಡಿ ಪ್ರಯೋಜನವಿಲ್ಲ. ಎರಡು ಹೆಸರುಗಳ ಬೈಟುಗಳನ್ನು ಎಣಿಸಿದೆ. ಒಂದು ‘ಸೋಬಾನೆ’ 18 ಬೈಟು, ಇನ್ನೊಂದು 24.

ಲೆಕ್ಕ ಹೀಗೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ನನ್ನ ಸೋಬಾನೆಯಲ್ಲಿ ಸ, ೋ, ಬ, ಾ, ನ, ೆ, ಒಟ್ಟು ಆರು ಸಂಕೇತ. ಗೆಳೆಯರದ್ದರಲ್ಲಿ ‘ೋ’ ಒಂದಾಗಿಲ್ಲ, ಮೂರು ತುಂಡಾಗಿದೆ: ಎತ್ವದ ‘ೆ’, ಕೊಂಬಿನ ದೀರ್ಘ ‘ೂ’, ಕೊನೆಗೆ ದೀರ್ಘದ ಗುರುತು. ಆರು ಎಂಟಾಯಿತು. ಪರದೆಯ ಮೇಲೆ ಎರಡೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ‘ಸೋ’ ಎಂದೇ ಕಾಣುತ್ತವೆ. ಯುನಿಕೋಡ್ ಪ್ರಕಾರ ಎರಡೂ ಸಮಾನ. ಕೂಡಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಕನ್ನಡದ ಸ್ವರಚಿಹ್ನೆಗಳಲ್ಲಿ ಹೀಗೆ ಬಿಡಿಸಬಹುದಾದವು ಐದು: ೀ, ೇ, ೈ, ೊ, ೋ.

ಮ್ಯಾಕ್‌ಗಳಲ್ಲಿ 1998ರಿಂದ ಇದ್ದ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. 2017ರಿಂದ ಬಂದ ಎಪಿಎಫ್‌ಎಸ್ ಕೊಟ್ಟದ್ದನ್ನು ಕೊಟ್ಟ ಹಾಗೆ ಇಡುತ್ತದೆ. ಗೆಳೆಯರ ಡಿಸ್ಕು ಹಳೆಯದು, ಜಿಪ್ಪಿನೊಳಗೆ ಬಿಡಿಸಿದ ಹೆಸರುಗಳೇ ಬಂದವು. ಲಿನಕ್ಸಿನ ಡಿಸ್ಕ್ ವ್ಯವಸ್ಥೆ ಎಕ್ಸ್ಟ್4ಗೆ ಸಮಾನ ಗಿಮಾನ ಗೊತ್ತಿಲ್ಲ, ಬೈಟು ಬೇರೆಯಾದರೆ ಹೆಸರೂ ಬೇರೆ. ಸಿಂಕ್‌ಥಿಂಗ್‌ಗೆ ಮಾತ್ರ ಇದು ಗೊತ್ತು. ಲಿನಕ್ಸಿನಲ್ಲಿ ಬಿಡಿಸಿದ ಹೆಸರು ಕಂಡರೆ ಅದು ತಾನೇ ಕೂಡಿಸಿ ಸರಿಮಾಡುತ್ತದೆ. ಆದರೆ ಕೂಡಿದ ಹೆಸರಿನದು ಆಗಲೇ ಅಲ್ಲಿದ್ದರೆ ಮುಟ್ಟದೆ ದೂರು ಬರೆದು ಬಿಟ್ಟುಬಿಡುತ್ತದೆ. ಒಂದರ ಮೇಲೊಂದು ಬರೆದು ಹಾಡು ಅಳಿಸುವುದಕ್ಕಿಂತ ಇದೇ ಲೇಸು.

ಪರಿಹಾರಕ್ಕೆ ‘ಕಾನ್ವ್‌ಎಂವಿ’ ಎಂಬ ಪುಟ್ಟ ಸಾಧನವಿದೆ. ಫೋಲ್ಡರಿನೊಳಗೆಲ್ಲಾ ಇಳಿದು ಹೆಸರುಗಳನ್ನು ಎನ್‌ಎಫ್‌ಸಿಗೆ ತರುತ್ತದೆ. ನನಗೆ ಇಷ್ಟವಾದ ಗುಣ ಎಂದರೆ, ಸುಮ್ನೆ ಓಡಿಸಿದರೆ ಏನೇನು ಬದಲಾಗುತ್ತದೆ ಎಂದು ತೋರಿಸುತ್ತದೆ ಅಷ್ಟೆ. ‘ನೋಟೆಸ್ಟ್’ ಎಂದು ಸ್ಪಷ್ಟವಾಗಿ ಹೇಳಿದರೆ ಮಾತ್ರ ನಿಜವಾಗಿ ಬದಲಿಸುತ್ತದೆ. ಸಿಂಕ್ ನಿಲ್ಲಿಸಿ, ಗೆಳೆಯರ ಫೋಲ್ಡರುಗಳನ್ನು ಬೇರೆ ಕಡೆ ಸರಿಸಿ, ಅಲ್ಲೇ ಹೆಸರು ಕೂಡಿಸಿ, ಆಮೇಲೆ ನನ್ನವುಗಳ ಜೊತೆ ಸೇರಿಸಿದೆ. ಒಂದೇ ಹೆಸರಿನ ಹಾಡುಗಳು ಎದುರಾದಾಗ ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಖ್ಯೆ ತೆಗೆದು ಹೋಲಿಸಿದೆ. ಅದು ಒಂದೇ ಇದ್ದರೆ ಒಂದು ಪ್ರತಿ ಸಾಕು, ಬೇರೆಯಿದ್ದರೆ ಎರಡೂ ಇರಲಿ. ಈಗ ಸೋಬಾನೆ ಒಂದೇ ಫೋಲ್ಡರು, ಹಾಡುಗಳೆಲ್ಲಾ ಫೋನಿನಲ್ಲೂ ಇವೆ.

ಸೆಪ್ಟೆಂಬರ್: ಈಗಿನ ಏರ್ಪಾಡು

ಫೋನಿನ ರೆಕಾರ್ಡಿಂಗ್ ಫೋಲ್ಡರನ್ನು ಎರಡೂ ಕಡೆಯಿಂದ ಸಿಂಕ್ ಆಗುವಂತೆ ಇಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಕೇಳಿ, ಹೆಸರಿಟ್ಟು, ಸಿಂಕಿಗೆ ಸೇರದ ಸಂಗ್ರಹದ ಫೋಲ್ಡರಿಗೆ ಸರಿಸಿದರೆ ಅದು ಫೋನಿನಿಂದಲೂ ತಾನಾಗಿ ಹೋಗುತ್ತದೆ, ಜಾಗ ಉಳಿಯುತ್ತದೆ. ಇದನ್ನು ಯಾರೂ ಬ್ಯಾಕಪ್ ಎಂದುಕೊಳ್ಳಬಾರದು. ಫೋನಿನಲ್ಲಿ ಅಳಿಸಿದರೆ ಇಲ್ಲೂ ಅಳಿಯುತ್ತದೆ. ಅದಕ್ಕೇ ಕಂಪ್ಯೂಟರಿನ ಕಡೆ ‘ಕಸದಬುಟ್ಟಿ’ ಆವೃತ್ತಿ ಸೌಲಭ್ಯ ಹಾಕಿದ್ದೇನೆ, ಸಂಗ್ರಹದ ಇನ್ನೊಂದು ಪ್ರತಿ ಹೊರಗಿನ ಡಿಸ್ಕಿನಲ್ಲಿದೆ. ಕೇಳಿಸುವ ಚಿಕ್ಕ ಪ್ರತಿಗಳು ಓಪಸ್ ಎಂಬ ಕುಗ್ಗಿಸಿದ ಆಡಿಯೊ ರೂಪದಲ್ಲಿ ಬೇರೆ ಫೋಲ್ಡರು. ಅದು ಕಂಪ್ಯೂಟರಿನಿಂದ ಫೋನಿಗೆ ಮಾತ್ರ.

ಹೆಸರಿನ ವಿಷಯದಲ್ಲಿ ಇನ್ನೂ ಎರಡು ಬಾಕಿ. ಹಾಡಿನ ಮೊದಲ ಸಾಲನ್ನೇ ಫೈಲಿನ ಹೆಸರು ಮಾಡುವ ಅಭ್ಯಾಸ ನನ್ನದು. ಎಕ್ಸ್ಟ್4ರಲ್ಲಿ ಒಂದು ಹೆಸರಿಗೆ ಮಿತಿ 255 ಬೈಟು, ಅಂದರೆ ಕನ್ನಡದಲ್ಲಿ 85 ಸಂಕೇತ. ಕಾಗುಣಿತ, ಒತ್ತು ಎಲ್ಲಾ ಲೆಕ್ಕಕ್ಕೆ ಬರುವುದರಿಂದ ಒಂದು ಉದ್ದ ಸಾಲಿಗೇ ಮುಗಿದುಹೋಗುತ್ತದೆ. ಅಂಥವನ್ನು ಮೊದಲ ಮೂರ್ನಾಲ್ಕು ಪದಕ್ಕೆ ಮೊಟಕು ಮಾಡುತ್ತಿದ್ದೇನೆ, ಪೂರ್ತಿ ಸಾಲು ಹಾಡಿನ ಟ್ಯಾಗಿನಲ್ಲಿರುತ್ತದೆ. ಇನ್ನೊಂದು, ಅಣ್ಣನ ಮಗನ ಲ್ಯಾಪ್‌ಟಾಪ್ ವಿಂಡೋಸಿನದು. ಹೆಸರಿನಲ್ಲಿ ಪ್ರಶ್ನೆ ಚಿಹ್ನೆ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. ಬೀಗರನ್ನು ಹಾಸ್ಯ ಮಾಡುವ ಪದಗಳಲ್ಲಿ ಪ್ರಶ್ನೆಗಳೇ ತುಂಬಿರುವುದರಿಂದ ಆ ಫೋಲ್ಡರನ್ನು ಅವನಿಗೆ ಕಳಿಸುವ ಮೊದಲು ಚಿಹ್ನೆಗಳನ್ನೆಲ್ಲಾ ಕಿತ್ತುಹಾಕಬೇಕು. ದಸರಾ ರಜೆಯಲ್ಲಿ ಅವನ ಕೈಯಲ್ಲೇ ಮಾಡಿಸುವುದು ಎಂದುಕೊಂಡಿದ್ದೇನೆ.