ಗಚುವಾ ದಿನಚರಿ: ಬಾಯಿ ತುಂಬ ಮೊಟ್ಟೆ, ಉಸಿರಿಗೆ ದಾರಿ?

1ನೇ ವಾರ
ಚನ್ನಾ ಗಚುವಾ ಮೀನಿನ ಜೋಡಿ ತೊಟ್ಟಿಗೆ ಇಳಿಯಿತು. ಹಾವಿನಂಥ ತಲೆಯ ಮುರ್ರೆಲ್ ಮೀನುಗಳ ಬಳಗದಲ್ಲಿ ಇದು ಗಿಡ್ಡ ಜಾತಿ, ಬೆಳೆದರೂ ಗೇಣುದ್ದದ ಆಸುಪಾಸು. ಸೊಕ್ಕಿಗೆ ಮಾತ್ರ ಆ ಅಳತೆ ಅನ್ವಯಿಸುವುದಿಲ್ಲ. ಎರಡನೆಯ ಬೆಳಿಗ್ಗೆಯೇ ಗಂಡು ನಾಪತ್ತೆ! ಕೊಳವೆಗೆಂದು ಮುಚ್ಚಳದಲ್ಲಿ ಬಿಟ್ಟಿದ್ದ ಎರಡು ಬೆರಳ ಸಂದಿಯಿಂದ ಹಾರಿ, ಮೇಜಿನ ಹಿಂದೆ ಧೂಳು ಮೆತ್ತಿಕೊಂಡು ಬಿದ್ದಿತ್ತು. ಕಿವಿರುಗಳ ಮೇಲ್ಭಾಗದಲ್ಲಿ ಗಾಳಿ ಹಿಡಿದಿಡುವ ಕೋಣೆ ಇರುವುದರಿಂದ, ಮೈ ಒಣಗುವ ತನಕ ಇದು ಹೊರಗೂ ಜೀವ ಹಿಡಿದಿರುತ್ತದೆ. ತೊಳೆದು ಬಿಟ್ಟೆ. ಸಂಜೆ ಏನೂ ಆಗದಂತೆ ಎರೆಹುಳು ತಿಂದಿತು. ಸಂದಿಗೆ ಸ್ಪಂಜು ತುರುಕಿ, ನೀರನ್ನು ನಾಲ್ಕು ಬೆರಳು ತಗ್ಗಿಸಿದ್ದೇನೆ. ಮೇಲೆ ಗಾಳಿ ಸಿಗದಿದ್ದರೆ ನೀರಿನಲ್ಲೇ ಉಸಿರುಕಟ್ಟಿ ಸಾಯುವ ಮೀನು ಇದು.

4ನೇ ವಾರ
ಗಡಿಯಾರ ಹಿಡಿದು ಉಸಿರು ಎಣಿಸುತ್ತಿದ್ದೇನೆ. ಹೊಟ್ಟೆ ತುಂಬಿದ ದಿನ ಮೇಲೆ ಬರುವುದು ಹೆಚ್ಚು. ಜೀರ್ಣಿಸಲೂ ಆಮ್ಲಜನಕ ಬೇಕಲ್ಲ.

ಬೇಟೆ ನೋಡುವುದೇ ಬೇರೆ ಸುಖ. ಹುಳು ಬಿದ್ದ ಕೂಡಲೇ ನುಗ್ಗುವುದಿಲ್ಲ. ಎದೆಯ ಈಜುರೆಕ್ಕೆಗಳನ್ನಷ್ಟೇ ಬೀಸಣಿಗೆಯಂತೆ ಆಡಿಸುತ್ತ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಯುತ್ತದೆ. ಕಣ್ಣು ಮಾತ್ರ ಹೊರಳುತ್ತದೆ. ಬಾಲದ ಕಡೆ ಮೈ ತುಸು ಬಾಗಿತೆಂದರೆ ಮುಗಿಯಿತು: ಟಕ್ ಎಂಬ ಸದ್ದು, ಹುಳು ಇಲ್ಲ. ಬಾಯಿ ಒಮ್ಮೆಲೇ ತೆರೆದ ರಭಸಕ್ಕೆ ನೀರಿನ ಜೊತೆ ಹುಳುವೂ ಒಳಗೆ ಸೆಳೆದುಹೋಗಿರುತ್ತದೆ.

7ನೇ ವಾರ
ಗಂಡು ಹೆಣ್ಣನ್ನು ಸುತ್ತಿಕೊಂಡು ಬಹಳ ಹೊತ್ತು ಬಿಡಲಿಲ್ಲ. ತೇಲಿಬಂದ ಮೊಟ್ಟೆಗಳನ್ನು ಒಂದೊಂದಾಗಿ ಬಾಯಿಗೆ ತುಂಬಿಕೊಂಡದ್ದೂ ಅದೇ. ಗಲ್ಲ ಉಬ್ಬಿದೆ, ಊಟ ಬಂದ್. ಇದೇ ಬಳಗದ ಚನ್ನಾ ಸ್ಟ್ರಯಾಟಾ ಮೊಟ್ಟೆಗಳನ್ನು ನೀರಿನ ಮೇಲೆ ತೇಲಲು ಬಿಟ್ಟು ಕಾವಲು ಕಾಯುತ್ತದೆ. ನಮ್ಮದು ಬಾಯಲ್ಲೇ ಇಟ್ಟುಕೊಂಡಿದೆ. ಹಾಗಾದರೆ ಗಾಳಿ ನುಂಗುವುದು ಹೇಗೆ? ಮೂರು ಸಂಜೆ ಕುರ್ಚಿ ಹಾಕಿ ಕುಳಿತೆ. ಮೆಲ್ಲಗೆ ಮೇಲೇರಿ, ಮೂತಿಯ ತುದಿ ಮಾತ್ರ ಹೊರಚಾಚಿ, ಒಂದೇ ಒಂದು ಗುಳ್ಳೆ ಬಿಟ್ಟು ಇಳಿಯಿತು. ಒಂದು ಮೊಟ್ಟೆಯೂ ಜಾರಲಿಲ್ಲ. ಒಳಗೆ ಅದು ಏನು ಜಾದೂ ಮಾಡುತ್ತದೋ, ಗಾಜಿನ ಈಚೆಯಿಂದ ಕಾಣಲಿಲ್ಲ.

9ನೇ ವಾರ
ಮರಿಗಳು ಹೊರಗೆ! ತಂದೆಯ ತಲೆಯ ಸುತ್ತ ಮೋಡದಂತೆ ಆಡುತ್ತಿವೆ. ನಾನು ಕೈ ಹಾಕಿದ್ದಕ್ಕೆ ಹೆಣ್ಣು ಬೆರಳಿಗೆ ಬಾಯಿ ಹಾಕಿತು. ನಿನ್ನೆ ಅದು ಮರಿಗಳ ನಡುವೆ ನಿಂತು ಪುಟ್ಟ ಮೊಟ್ಟೆಗಳನ್ನು ಉದುರಿಸಿತು, ಮರಿಗಳು ಮುಗಿಬಿದ್ದು ತಿಂದವು. ಇವು ಫಲಿಸದ ಮೊಟ್ಟೆಗಳು, ಮರಿಗಳಿಗೆ ಊಟವಾಗಲೆಂದೇ ಇಟ್ಟವು.

11ನೇ ವಾರ
ನಿನ್ನೆ ನಲವತ್ತು ಎಣಿಸಿದ್ದೆ, ಇಂದು ಮೂವತ್ತೇಳು. ಎಲ್ಲಿಯೂ ಹೆಣವಿಲ್ಲ. ಹಿರಿಯ ಮರಿಗಳಲ್ಲಿ ಎರಡರ ಹೊಟ್ಟೆ ಗುಂಡಗೆ ಉಬ್ಬಿದೆ. ಅಟ್ಟದ ಮೇಲಿನ ಹಳೆಯ ತೊಟ್ಟಿಯನ್ನು ಇವತ್ತೇ ಇಳಿಸುತ್ತೇನೆ.